ಉದ್ಘಾಟನೆಗೆ ಕಾದ ಹನ್ನೆರಡು ಲ್ಯಾಪ್‌ಟಾಪ್

ಕಬ್ಬಿಣದ ಕಪಾಟು ತೆರೆದಾಗ ಮೊದಲು ಬಂದದ್ದು ವಾಸನೆ. ಮೇಲಿಂದ ನುಸಿಗುಳಿಗೆಯದ್ದು, ಅದರ ಅಡಿಯಲ್ಲಿ ಇನ್ನೊಂದು. ಉಗುರಿನ ಬಣ್ಣ ತೆಗೆಯುವ ದ್ರವದ ಹಾಗೆ ಸಿಹಿ ಸಿಹಿಯಾಗಿ ಮೂಗಿಗೆ ಅಂಟುವಂಥದ್ದು. ಆ ಎರಡನೆಯದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷದಿಂದ ಕಟಪಾಡಿಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡವಳಿಗೆ ಅದು ಗೊತ್ತಾಗದಿದ್ದರೆ ಅಂಗಡಿ ಮುಚ್ಚಿ ಮಲ್ಲಿಗೆ ಕಟ್ಟಲಿಕ್ಕೆ ಹೋಗಬೇಕು. ಲ್ಯಾಪ್‌ಟಾಪಿನ ಬ್ಯಾಟರಿ ಒಳಗಿಂದ ಕೆಟ್ಟು ಸೋರಿದಾಗ ಬರುವ ವಾಸನೆ ಅದು.

"ಯಾರೂ ಮುಟ್ಟಲಿಲ್ಲ ಬಾಯಮ್ಮ. ಎರಡು ವರ್ಷದಿಂದ ಒಂದು ಧೂಳು ಸಹ ಬೀಳದ ಹಾಗೆ ನೋಡಿಕೊಂಡಿದ್ದೇನೆ," ಎಂದರು ಶಾಲೆಯ ಗುಮಾಸ್ತರು. ಕೀಲಿಕೈ ಅವರ ಕೈಯಲ್ಲಿತ್ತು. ಮುಖದಲ್ಲಿ ಹೆಮ್ಮೆ ಬೇರೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದು ಬಾಯಮ್ಮ ಎಂದೇ.

ಬೆಳ್ಮಣ್‌ನಿಂದ ಸ್ವಲ್ಪ ಒಳಗೆ ಇರುವ ಒಂದು ಹೈಸ್ಕೂಲು ಅದು. ಸೋಮವಾರ ಬೆಳಿಗ್ಗೆ ಗುಮಾಸ್ತರ ಫೋನು ಬಂದಿತ್ತು. ಲ್ಯಾಪ್‌ಟಾಪ್ ಒಂದೂ ಆನ್ ಆಗುವುದಿಲ್ಲ, ಶನಿವಾರ ದಾನಿಗಳು ಬರುತ್ತಾರೆ, ಕೂಡಲೇ ಬನ್ನಿ. ಶಿರ್ವದ ಮೇಲಿಂದ ಹೋಗುವ ಬಸ್ಸು ಹಿಡಿದು, ಚೀಲದಲ್ಲಿ ಸ್ಕ್ರೂಡ್ರೈವರ್, ಮೀಟರ್ ಹಾಕಿಕೊಂಡು ಹೋದೆ. ಹನ್ನೆರಡು ಲ್ಯಾಪ್‌ಟಾಪ್‌ಗಳನ್ನು ಎರಡು ವರ್ಷದ ಹಿಂದೆ ಅಲ್ಲಿಗೆ ತಲುಪಿಸಿ ಸೆಟ್ ಮಾಡಿ ಕೊಟ್ಟವಳು ನಾನೇ. ಮಸ್ಕತ್‌ನಲ್ಲಿ ದುಡಿಯುವ ಹಳೆ ವಿದ್ಯಾರ್ಥಿಯೊಬ್ಬರು ಮಕ್ಕಳಿಗೆಂದು ಕಳುಹಿಸಿದ್ದು. ಅಷ್ಟು ದಿನ ಮಕ್ಕಳು ಚೆನ್ನಾಗಿ ಕುಟ್ಟಿ ಕುಟ್ಟಿ ಹಾಳು ಮಾಡಿರಬಹುದು ಎಂದು ನಾನು ಬಸ್ಸಿನಲ್ಲಿ ಎಣಿಸಿದ್ದೆ.

ಆದರೆ ಕಪಾಟಿನಲ್ಲಿ ಇದ್ದವುಗಳ ಮೈಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಸಹ ಕಿತ್ತಿರಲಿಲ್ಲ. ಒಂದೊಂದಕ್ಕೂ ಕೆಂಪು ರಿಬ್ಬನ್ ಕಟ್ಟಿತ್ತು. ನಂಬ್ರ ಬರೆದ ಚೀಟಿ ಅಂಟಿಸಿತ್ತು. ಕೋಣೆಯ ಮೇಲೆ ಶೀಟಿನ ಮಾಡು. ಮಾರ್ಚ್ ತಿಂಗಳ ಹನ್ನೊಂದು ಗಂಟೆಗೇ ಕಪಾಟಿನ ಬಾಗಿಲು ಕೈಗೆ ಬಿಸಿ ತಾಗುತ್ತಿತ್ತು.

"ಮಕ್ಕಳಿಗೆ ಕೊಡಲೇ ಇಲ್ವಾ?" ಎಂದೆ.

"ಉದ್ಘಾಟನೆ ಆಗದೆ ಹೇಗೆ ಕೊಡುವುದು ಬಾಯಮ್ಮ? ದಾನಿಗಳಿಗೆ ರಜೆ ಸಿಕ್ಕಲಿಲ್ಲ. ಈಗ ಬರ್ತಾರೆ, ಆಗ ಬರ್ತಾರೆ ಅಂತ ಐದು ಸಲ ದಿನ ಇಟ್ಟು ಮುಂದೆ ಹೋಯಿತು. ಅವರ ಕೈಯಿಂದ ದೀಪ ಹಚ್ಚಿಸದೆ ಉಪಯೋಗಿಸಿದರೆ ಅವರಿಗೆ ಎಂತ ಕಾಣ್ತದೆ?"

ನಮ್ಮ ಊರಿನ ಈ ಚಾಳಿ ನನಗೆ ಹೊಸದಲ್ಲ. ಬಸ್ ಸ್ಟ್ಯಾಂಡಿನ ತಂಗುದಾಣಕ್ಕೆ ಉದ್ಘಾಟನೆ ಆಗಲಿಲ್ಲವೆಂದು ಹಗ್ಗ ಕಟ್ಟಿ ಜನರನ್ನು ಮಳೆಯಲ್ಲಿ ನಿಲ್ಲಿಸಿದ್ದನ್ನೂ ನೋಡಿದ್ದೇನೆ. ಆದರೆ ಮಕ್ಕಳ ಪುಸ್ತಕದಂಥ ವಸ್ತುವಿಗೆ ರಿಬ್ಬನ್ ಕಟ್ಟಿ ಎರಡು ವರ್ಷ ಬೀಗ! ನಾಯಿಗೆ ಇಡೀ ತೆಂಗಿನಕಾಯಿ ಸಿಕ್ಕಿದ ಹಾಗೆ, ತಾನೂ ತಿನ್ನುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ನಾನು ಬಾಯಿಬಿಟ್ಟು ಹೇಳಿಯೇ ಬಿಟ್ಟೆ. ಗುಮಾಸ್ತರು ನಕ್ಕರು, ನಾನು ತಮಾಷೆ ಮಾಡಿದ್ದೇನೆ ಎಂದುಕೊಂಡು.

ಬೆಂಚಿನ ಮೇಲೆ ಹಳೆ ಪೇಪರು ಹಾಸಿ ಒಂದೊಂದಾಗಿ ಇಳಿಸಿದೆ. ಕಪಾಟಿನಲ್ಲಿ ಹನ್ನೊಂದು ಇದ್ದವು. ಏಳನೇ ನಂಬ್ರದ್ದು ಹೆಡ್ಮಾಸ್ಟ್ರ ಮೇಜಿನ ಮೇಲೆ ಉಂಟು ಎಂದರು. ಎರಡು, ಐದು, ಒಂಬತ್ತು, ಈ ಮೂರರ ಕೆಳಗಿನ ಮುಚ್ಚಳ ಎದ್ದು ನಿಂತಿತ್ತು. ಬಿಚ್ಚಿದರೆ ಬ್ಯಾಟರಿ ಕರಿದ ಗೋಳಿಬಜೆಯ ಹಾಗೆ ಉಬ್ಬಿಕೊಂಡಿದೆ. ಒಂದರ ಅಂಚಿನಿಂದ ಅಂಟು ದ್ರವ ಜಿನುಗಿದೆ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಬಗ್ಗಿಸಬಾರದು. ಪ್ಲಾಸ್ಟಿಕ್ ಪಟ್ಟಿ ತೂರಿಸಿ ಅಂಟು ನಿಧಾನ ಬಿಡಿಸಿ, ಕೈಗೆ ಗ್ಲೌಸ್ ಹಾಕಿ, ಮೂರನ್ನೂ ಹೊಯ್ಗೆ, ಅಂದರೆ ಮರಳು ತುಂಬಿದ ಬಾಲ್ದಿಗೆ ಇಳಿಸಿ ಅಂಗಳದ ಮೂಲೆಯ ನೆರಳಿನಲ್ಲಿ ಇಡಿಸಿದೆ.

"ಬಿಸಿಲಿಗೆ ಇಟ್ಟರೆ ಗಾಳಿ ಇಳಿದು ಸರಿ ಆಗ್ತದಾ?" ಎಂದು ಗುಮಾಸ್ತರು ಕೇಳಿದರು.

"ಅದು ಹಪ್ಪಳ ಅಲ್ಲ ಮಾರಾಯ್ರೆ! ಬಿಸಿಲಿಗೆ ಇಟ್ಟರೆ ಬೆಂಕಿ ಹಿಡೀತದೆ."

ಉಳಿದ ಎಂಟರಲ್ಲಿ ಐದಕ್ಕೆ ಜೀವವೇ ಇಲ್ಲ. ಒಳಗೆ ಮೂರು ಸೆಲ್. ಎಷ್ಟೇ ಖಾಲಿಯಾದರೂ ಒಂದೊಂದರಲ್ಲಿ ಮೂರು ವೋಲ್ಟಿನ ಮೇಲೆ ಇರಬೇಕು. ಮೀಟರ್ ಇಟ್ಟರೆ ಒಂದರಲ್ಲಿ ಒಂದೂವರೆ, ಇನ್ನೊಂದರಲ್ಲಿ ಒಂದಕ್ಕೂ ಕಡಿಮೆ. ಹೊರಗಿಂದ ಕರೆಂಟು ತುರುಕಿ ಇಂಥವನ್ನು ಎಬ್ಬಿಸುವವರಿದ್ದಾರೆ. ನಾನು ಎಬ್ಬಿಸುವುದಿಲ್ಲ. ಅಷ್ಟು ಕೆಳಗೆ ಇಳಿದ ಸೆಲ್ ಒಳಗೆ ಪೆಟ್ಟು ತಿಂದಿರುತ್ತದೆ, ಮತ್ತೆ ಚಾರ್ಜ್ ಆಗುವಾಗ ಯಾವ ಮಗುವಿನ ತೊಡೆಯ ಮೇಲೆ ಉರಿಯುತ್ತದೋ ಹೇಳಲಿಕ್ಕಾಗದು. ಕೊನೆಯ ಮೂರು ಮಾತ್ರ ಚಾರ್ಜರ್ ಸಿಕ್ಕಿಸಿದ ಸ್ವಲ್ಪ ಹೊತ್ತಿನಲ್ಲಿ ಕಣ್ಣು ಬಿಟ್ಟವು. ಬ್ಯಾಟರಿ ರಿಪೋರ್ಟ್ ತೆಗೆದೆ. ಹೊಸತರಲ್ಲಿ ನಲವತ್ತೊಂದು ವ್ಯಾಟ್-ಅವರ್ ತುಂಬುತ್ತಿದ್ದಲ್ಲಿ ಈಗ ಇಪ್ಪತ್ತೇಳು ಮಾತ್ರ. ಇಲ್ಲಿಯವರೆಗೆ ಪೂರ್ತಿ ಚಾರ್ಜ್ ಆಗಿ ಖಾಲಿಯಾದದ್ದು ಒಟ್ಟು ನಾಲ್ಕು ಸಲ. ನಾಲ್ಕೇ ನಾಲ್ಕು! ದುಡಿಯದೆಯೇ ಮುದಿಯಾದ ಬ್ಯಾಟರಿಗಳು.

ಬ್ಯಾಟರಿ ದುಡಿದರೂ ಸವೆಯುತ್ತದೆ, ಕೂತರೂ ಸವೆಯುತ್ತದೆ. ಹೊಟ್ಟೆ ತುಂಬಿಸಿ ಸೆಕೆಯಲ್ಲಿ ಕೂರಿಸಿದರೆ ಎಲ್ಲಕ್ಕಿಂತ ಬೇಗ. ಹಾಗಾಗಿ ಕೇಳಿದೆ, "ಇದನ್ನು ಚಾರ್ಜ್ ಮಾಡಿ ಒಳಗಿಟ್ಟಿದ್ದು ಯಾರು?"

"ನಾನೇ. ನೀವು ಹೇಳಿದ್ರಲ್ಲ?"

ಗುಮಾಸ್ತರು ಕಪಾಟಿನ ಬಾಗಿಲಿನ ಒಳಬದಿ ತೋರಿಸಿದರು. ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ ಕಾಗದ: 'ಬಾಯಮ್ಮನವರ ಸೂಚನೆ. ಯಾವಾಗಲೂ ಫುಲ್ ಚಾರ್ಜ್ ಮಾಡಿ ಇಡತಕ್ಕದ್ದು.'

ಸಾಯ್ಬಾ, ಭೊಗೊಸ್! ದೇವರೇ ಕ್ಷಮಿಸು ಎಂದು ನಮ್ಮ ಕೊಂಕಣಿಯಲ್ಲಿ ಬಾಯಿಗೆ ಬಂತು. ಹೌದು, ಹೇಳಿದ್ದೆ. ಸೆಟ್ ಮಾಡಿ ಕೊಟ್ಟ ದಿನ ಮಧ್ಯಾಹ್ನದ ಬಸ್ಸಿಗೆ ಹೊತ್ತಾಗಿತ್ತು. 'ಹದಿನೈದು ದಿನದಲ್ಲಿ ಕಾರ್ಯಕ್ರಮ, ಎಂತ ಮಾಡಿ ಇಡುವುದು' ಎಂದು ಅವರು ಕೇಳಿದಾಗ, ಮೆಟ್ಟಿಲು ಇಳಿಯುತ್ತಾ 'ಫುಲ್ ಚಾರ್ಜ್ ಮಾಡಿ ಇಡಿ' ಎಂದು ಹೇಳಿ ಓಡಿದ್ದೆ. ಆ ಪಾಪದ ಮನುಷ್ಯ ಒಂದೊಂದು ಸಲ ಉದ್ಘಾಟನೆಯ ದಿನ ಗೊತ್ತಾದಾಗಲೂ ಹನ್ನೊಂದನ್ನೂ ಹೊರಗೆ ತೆಗೆದು, ನೂರಕ್ಕೆ ನೂರು ತುಂಬಿಸಿ, ಒರೆಸಿ, ಆ ಬಿಸಿ ಕಪಾಟಿಗೆ ಸೇರಿಸಿದ್ದಾರೆ. ಐದನೆಯ ಸಲ ಮುಂದೆ ಹೋದ ಮೇಲೆ ಬೇಸತ್ತು ಬಿಟ್ಟಿದ್ದಾರೆ. ಆಮೇಲೆ ತಾವಾಗಿ ಬತ್ತಿ ಸತ್ತಿವೆ. ಅರ್ಧ ಮಾತ್ರ ತುಂಬಿಸಿ ತಂಪು ಜಾಗದಲ್ಲಿಡಿ, ಎರಡು ತಿಂಗಳಿಗೊಮ್ಮೆ ನೋಡಿ ಎಂದು ಹೇಳಲಿಕ್ಕೆ ನನಗೆ ಅರ್ಧ ನಿಮಿಷ ಸಾಕಿತ್ತು. ಆ ಸೋಮವಾರ ಊರಿನವರ ಮೇಲೆ ಬಂದ ಹೇಸಿಗೆಯಲ್ಲಿ ಒಂದು ಪಾಲು ನನ್ನ ಮೇಲೂ ಬಂತು.

ಮಂಗಳವಾರ ಉಡುಪಿಗೆ ಹೋದೆ. ಎಂಟು ಬ್ಯಾಟರಿ ಬೇಕು, ಮೊದಲು ಒಂದು ತಂದು ನೋಡುವ ಎಂದು. ಅಂಗಡಿಯವ ಪ್ಯಾಕೆಟ್ಟು ಕೊಟ್ಟ. ಲೇಬಲ್ಲಿನ ಮೂಲೆ ದಪ್ಪ ಕಂಡಿತು. ಉಗುರಿನಲ್ಲಿ ಎಬ್ಬಿಸಿದರೆ ಅಡಿಯಲ್ಲಿ ಇನ್ನೊಂದು ಲೇಬಲ್, ಮೂರು ವರ್ಷ ಹಿಂದಿನ ತಾರೀಕು! ಅಲ್ಲೇ ಅದೇ ಮಾದರಿಯ ಒಂದು ಲ್ಯಾಪ್‌ಟಾಪಿಗೆ ಹಾಕಿಸಿ ರಿಪೋರ್ಟ್ ತೆಗೆದೆ. ನಲವತ್ತೊಂದರಲ್ಲಿ ಇಪ್ಪತ್ತೊಂಬತ್ತು.

"ಪ್ಯಾಕೆಟ್ಟು ಒಡೆಯದ ಮಾಲು ಮೇಡಂ, ಹೊಸತೇ ಅಲ್ವಾ?"

"ಪ್ಯಾಕೆಟ್ಟು ಒಡೆಯದ ಹಾಲು ತಿಂಗಳು ಕಳೆದ ಮೇಲೂ ಹೊಸತಾ? ನಿಮ್ಮ ಮನೆಯಲ್ಲಿ ಕುಡೀತೀರಾ?"

ಅವ ಹಲ್ಲು ಕಿರಿದ. ಥೂ! ಕಪಾಟಿನಲ್ಲಿ ಕೂತು ಹಾಳಾದದ್ದನ್ನು ತೆಗೆದು ಗೋಡೌನಿನಲ್ಲಿ ಕೂತು ಹಾಳಾದದ್ದನ್ನು ಹಾಕುವ ವ್ಯಾಪಾರ. ಹಿಂದೆ ಕೊಟ್ಟು ಬಂದೆ. ಒಳ್ಳೆಯ ಮಾಲು ತರಿಸಲಿಕ್ಕೆ ಎರಡು ವಾರ ಬೇಕು, ಶನಿವಾರಕ್ಕೆ ಆಗುವ ಮಾತಲ್ಲ.

ಬುಧವಾರ ಪುನಃ ಶಾಲೆಗೆ ಹೋಗಿ ಹೆಡ್ಮಾಸ್ಟ್ರ ಮೇಜಿನ ಏಳನೇ ನಂಬ್ರವನ್ನು ನೋಡಿದೆ. ಮೇಲೆ ನೂಲಿನಲ್ಲಿ ಹೆಣೆದ ಕ್ರೋಶದ ಬಟ್ಟೆ ಹೊದಿಸಿದ್ದರು. ಬಟ್ಟೆ ಎತ್ತಿದರೆ ಪ್ಲಾಸ್ಟಿಕ್ ಇಲ್ಲ, ರಿಬ್ಬನ್ ಇಲ್ಲ, ಕೀಬೋರ್ಡಿನ ಕೀಲಿಗಳು ಬೆರಳು ಉಜ್ಜಿ ನುಣುಪಾಗಿವೆ. ರಿಪೋರ್ಟ್ ತೆಗೆದೆ. ನಲವತ್ತೊಂದರಲ್ಲಿ ಮೂವತ್ತಾರು ಇನ್ನೂ ತುಂಬುತ್ತಿದೆ. ಚಾರ್ಜ್ ಆಗಿ ಖಾಲಿಯಾದದ್ದು ಇನ್ನೂರ ಹದಿನೆಂಟು ಸಲ. ಅಂದರೆ ಹನ್ನೆರಡರಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಇದು, ಎಲ್ಲಕ್ಕಿಂತ ಗಟ್ಟಿ ಇರುವುದೂ ಇದೇ.

"ಇದನ್ನು ಯಾರು ಉಪಯೋಗಿಸುವುದು?" ಎಂದು ಕೇಳಿದೆ. ಹೆಡ್ಮಾಸ್ಟ್ರು ಕಿಟಕಿಯ ಹೊರಗೆ ನೋಡಿದರು.

ಆ ಮಧ್ಯಾಹ್ನ ಕಂಪ್ಯೂಟರ್ ಟೀಚರ್ ನನ್ನನ್ನು ಹುಡುಕಿಕೊಂಡು ಬಂದಳು. ಗೌರವ ಶಿಕ್ಷಕಿ, ವರ್ಷ ವರ್ಷ ಜೂನಿನಲ್ಲಿ ಆಡಳಿತದವರು ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾರ್ಕಳದ ಬಸ್ಸಿಗೆ ಬಂದು ಹೋಗುವ, ಒಂದು ಮಗುವಿನ ತಾಯಿ.

"ಮೇಡಂ, ನಾನು ತಗೊಂಡು ಹೋಗ್ತಿದ್ದೆ. ಬೆಳಿಗ್ಗೆ ಹೆಡ್ಮಾಸ್ಟ್ರು ಟೀ ಕುಡಿಯಲಿಕ್ಕೆ ಹೋದಾಗ ಚೀಲದಲ್ಲಿ ಹಾಕಿ ಕ್ಲಾಸಿಗೆ. ಸಂಜೆ ತಂದು ಇಡುವುದು. ಅವರಿಗೆ ಗೊತ್ತುಂಟು, ಏನೂ ಹೇಳಲಿಲ್ಲ. ಬೋರ್ಡಿನಲ್ಲಿ ಕೀಬೋರ್ಡಿನ ಚಿತ್ರ ಬಿಡಿಸಿ ಎಷ್ಟು ದಿನ ಕಲಿಸುವುದು? ಒಂದೊಂದು ಕ್ಲಾಸಿನಲ್ಲಿ ನಲವತ್ತು ಮಕ್ಕಳು, ಒಬ್ಬೊಬ್ಬರಿಗೆ ವಾರಕ್ಕೆ ಐದು ನಿಮಿಷ ಸಿಗ್ತಿತ್ತು."

"ಚಾರ್ಜ್ ಹೇಗೆ ಮಾಡ್ತಿದ್ದೆ?"

"ಕ್ಲಾಸಿನಲ್ಲಿ ಪ್ಲಗ್ಗು ಇಲ್ಲ. ಸಂಜೆ ಇಪ್ಪತ್ತಕ್ಕೆ ಇಳಿದಿರ್ತದೆ. ಮರುದಿನ ಬೆಳಿಗ್ಗೆ ಬೇಗ ಬಂದು ಸಿಕ್ಕಿಸಿ, ಎಂಬತ್ತು ಆದ ಕೂಡಲೇ ತೆಗೆಯುವುದು, ಹೆಡ್ಮಾಸ್ಟ್ರು ಟೀ ಮುಗಿಸಿ ಬರುವ ಮೊದಲು."

ಕದ್ದು ಉಪಯೋಗಿಸುವ ಅವಸರದಲ್ಲಿ ಅವಳು ಬ್ಯಾಟರಿಗೆ ಬೇಕಾದ ಹಾಗೆಯೇ ಮಾಡಿದ್ದಳು. ತೀರಾ ತುಂಬಿಸಲಿಲ್ಲ, ತೀರಾ ಬತ್ತಿಸಲಿಲ್ಲ, ಬೇಯಿಸಲಿಲ್ಲ. ನನಗೆ ನಗು ಬಂತು, ಕೂಡಲೇ ಕಣ್ಣೂ ಒದ್ದೆಯಾಯಿತು.

"ನಂಬ್ರ ಏಳರ ವಿಷಯ ಹೇಳಬೇಡಿ ಮೇಡಂ. ಜೂನಿಗೆ ನನ್ನನ್ನು ತೆಗೆದು ಹಾಕ್ತಾರೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಗುರುವಾರ ಶಾಲೆಯ ಆಡಳಿತ ನಡೆಸುವ ಸಂಚಾಲಕರು ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಮಾತು ಬೆಣ್ಣೆ. ಅವರ ಕೈಕೆಳಗೆ ಇನ್ನೂ ಮೂರು ಶಾಲೆಗಳಿವೆ, ಅಲ್ಲಿಯ ಕಂಪ್ಯೂಟರ್ ಕೆಲಸವೂ ನನ್ನದೇ. ಹೊಸ ಬ್ಯಾಟರಿ ಶನಿವಾರಕ್ಕೆ ಆಗುವುದಿಲ್ಲ ಎಂದೆ.

"ಹತ್ತು ನಿಮಿಷ ಉರಿದರೆ ಸಾಕು ಬಾಯಮ್ಮ. ಮೇಜಿಗೆ ಉದ್ದ ಬಟ್ಟೆ ಹಾಸುವ, ಅಡಿಯಿಂದ ಚಾರ್ಜರ್ ಎಳೆಯಿರಿ."

ಆ ಮಾದರಿಯ ಲ್ಯಾಪ್‌ಟಾಪ್, ಬ್ಯಾಟರಿ ತೆಗೆದರೂ ಚಾರ್ಜರ್ ಮೇಲೆ ನಡೆಯುತ್ತದೆ. ಆಗಲಿ ಎಂದೆ. ಅಲ್ಲಿಗೆ ನಿಲ್ಲುತ್ತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ.

"ಇನ್ನೊಂದು. ಮಕ್ಕಳು ದಿನಾ ಉಪಯೋಗಿಸ್ತಾರೆ ಅಂತ ನಾನು ದಾನಿಗಳಿಗೆ ಫೋನಿನಲ್ಲಿ ಹೇಳಿದ್ದೆ. ಹೊಸ ಬ್ಯಾಟರಿಗೂ ಅವರನ್ನೇ ಕೇಳಬೇಕು, ಎಂಟು ಹೋದದ್ದಕ್ಕೆ ಒಂದು ಕಾರಣ ಬೇಕಲ್ಲ? ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಕೊಡಿ. ಶಿಕ್ಷಕಿಯ ಅಜಾಗರೂಕ ಬಳಕೆಯಿಂದ ಬ್ಯಾಟರಿ ಕೆಟ್ಟಿದೆ. ಎರಡೇ ಗೆರೆ."

"ಶಿಕ್ಷಕಿಯದ್ದಾ? ಅವಳ ಕೈಗೆ ನೀವು ಕೊಡಲೇ ಇಲ್ವಲ್ಲ!"

"ಅವಳನ್ನು ಹೇಗಿದ್ದರೂ ಜೂನಿಗೆ ಬದಲಾಯಿಸುವುದು ಅಂತ ಉಂಟು. ಅವಳಿಗೆ ನಷ್ಟ ಎಂತ?"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇದನ್ನು ಹೇಳುವಾಗ ಆ ಮನುಷ್ಯನ ಮುಖದಲ್ಲಿ ಒಂದು ಗೆರೆ ಸಹ ಅಲುಗಾಡಲಿಲ್ಲ. ಮೊನ್ನೆ ಕಪಾಟಿನಿಂದ ಬಂದ ಸಿಹಿ ವಾಸನೆ ಮತ್ತೆ ಮೂಗಿಗೆ ಬಂದ ಹಾಗಾಯಿತು. ಅವರು ತರಿಸಿಕೊಟ್ಟ ಎಳನೀರನ್ನು ಮೇಜಿನ ಮೇಲೆಯೇ ಬಿಟ್ಟೆ. ನೋಡುವ ಎಂದು ಹೇಳಿ ಎದ್ದು ಬಂದೆ.

ಶುಕ್ರವಾರ ಇಡೀ ದಿನ ಹನ್ನೊಂದನ್ನು ಮೇಜಿನ ಮೇಲೆ ಜೋಡಿಸುವ ಕೆಲಸ. ಸಭಾಂಗಣದಲ್ಲಿ ಎರಡೇ ಪ್ಲಗ್ಗು, ಅದರಲ್ಲಿ ಒಂದು ಮೈಕಿನವನದ್ದು. ಎಕ್ಸ್‌ಟೆನ್ಷನ್ ಬೋರ್ಡು ಎಳೆದು ಎಲ್ಲ ಒಟ್ಟಿಗೆ ಹಾಕಿದಾಗ ಫ್ಯೂಸ್ ಹೋಯಿತು. ಹೆಡ್ಮಾಸ್ಟ್ರ ಕೋಣೆಯಿಂದ ಬೇರೆ ವಯರು ತಂದು ಎರಡು ಪಾಲು ಮಾಡಿದೆ. ಕೆಲಸ ಮುಗಿಸಿ, ಖಾಲಿ ತರಗತಿಯಲ್ಲಿ ಕೂತು ನನ್ನ ಲೆಟರ್‌ಹೆಡ್ ತೆಗೆದೆ. ಮೂರು ಶಾಲೆಯ ಕೆಲಸ ಕಣ್ಣೆದುರು ಬಂತು. ಹೋದರೆ ಹೋಗಲಿ. ಎರಡು ಗೆರೆಯ ಬದಲು ಒಂದು ಪುಟ ಬರೆದೆ. ಕಾರಣ ಒಂದು, ನನ್ನ ತಪ್ಪು ಸೂಚನೆ. ಕಾರಣ ಎರಡು, ಪೂರ್ತಿ ಚಾರ್ಜ್ ಮಾಡಿ ಬಿಸಿ ಕಪಾಟಿನಲ್ಲಿ ಬೀಗ ಹಾಕಿದ್ದು. ಕಾರಣ ಮೂರು, ಉಪಯೋಗಿಸದೇ ಇದ್ದದ್ದು. ಏಳನೇ ನಂಬ್ರ ಬರೆಯಲಿಲ್ಲ. ಅದನ್ನು ಬರೆಯದೆ ಮೂರನೆಯ ಕಾರಣಕ್ಕೆ ಸಾಕ್ಷಿ ಇಲ್ಲ ಎಂದು ಗೊತ್ತಿತ್ತು, ಆದರೆ ಕೊಟ್ಟ ಮಾತು. ಸಂಚಾಲಕರಿಗೆ ಕೊಟ್ಟೆ. ಅವರು ಓದದೆ ಮಡಚಿ ಕಿಸೆಗೆ ಹಾಕಿಕೊಂಡು, "ಉಪಕಾರ ಆಯಿತು," ಎಂದರು. ತಾವು ಹೇಳಿದ್ದನ್ನೇ ಬರೆದಿದ್ದೇನೆ ಎಂಬ ಭರವಸೆ!

ಶನಿವಾರ ದಾನಿಗಳು ಬಂದದ್ದು ಕಾಪುವಿನ ತಮ್ಮ ಮನೆಯಿಂದ ರಿಕ್ಷಾದಲ್ಲಿ. ದೊಡ್ಡ ಸಾಹುಕಾರ ಎಂದು ನಾನು ಎಣಿಸಿದ್ದೆ. ಸಣಕಲು ಮನುಷ್ಯ, ಒಂದು ಕಂಪನಿಯ ಸ್ಟೋರ್ ಕೀಪರ್. ಪ್ರಾರ್ಥನೆ, ಸ್ವಾಗತ, ಹೂಗುಚ್ಛ, ದೀಪ. ರಿಬ್ಬನ್ ಕತ್ತರಿಸಿ ಆಯಿತು, ಹನ್ನೊಂದೂ ಹೊತ್ತಿಕೊಂಡವು, ಚಪ್ಪಾಳೆ. ಕಡೆಗೆ ಸಂಚಾಲಕರು ಮೈಕ್ ಹಿಡಿದರು. ಮಕ್ಕಳು ಎರಡು ವರ್ಷ ಇದರ ಪ್ರಯೋಜನ ಪಡೆದರು ಎಂದರು. ದುರದೃಷ್ಟಕ್ಕೆ ಗೌರವ ಶಿಕ್ಷಕಿಯ ಅಜಾಗರೂಕತೆಯಿಂದ ಕೆಲವು ಬ್ಯಾಟರಿ ಕೆಟ್ಟಿವೆ, ತಜ್ಞರ ವರದಿ ನಮ್ಮಲ್ಲಿ ಉಂಟು ಎಂದು ಕಿಸೆ ಮುಟ್ಟಿ ತೋರಿಸಿದರು. ಟೀಚರ್ ಮಕ್ಕಳ ಸಾಲಿನ ಬದಿಯಲ್ಲಿ ನಿಂತಿದ್ದಳು. ಅವಳ ಮುಖ ನೋಡಲಿಕ್ಕಾಗಲಿಲ್ಲ.

"ವರದಿ ಬರೆದವಳು ನಾನು. ಅದನ್ನು ಓದಿ!" ನನಗೆ ತಿಳಿಯದೆ ಎದ್ದು ನಿಂತಿದ್ದೆ.

"ಆಮೇಲೆ ಮಾತನಾಡುವ ಬಾಯಮ್ಮ, ಕೂತುಕೊಳ್ಳಿ."

"ಈಗ ಓದದಿದ್ದರೆ ನಾನು ಹೇಳ್ತೇನೆ. ಆ ಬ್ಯಾಟರಿ ಉಪಯೋಗಿಸಿ ಹಾಳಾದದ್ದಲ್ಲ. ಉಪಯೋಗಿಸದೆ ಹಾಳಾದದ್ದು. ಫುಲ್ ಚಾರ್ಜ್ ಮಾಡಿ ಇಡಿ ಅಂತ ತಪ್ಪು ಹೇಳಿದವಳು ನಾನು, ಆ ತಪ್ಪು ನನ್ನದು. ಆದರೆ ಬೀಗ ನನ್ನದಲ್ಲ. ಎರಡು ವರ್ಷದಲ್ಲಿ ನಾಲ್ಕು ಸಲ ಸಹ ಸರಿಯಾಗಿ ಓಡಿಸಲಿಲ್ಲ ನೀವು."

"ಎಂತ ಸಾಕ್ಷಿ ಉಂಟು? ಮೆಷಿನು ಒಳ್ಳೆಯದಿರಲಿಲ್ಲ ಅಂತಲೂ ಹೇಳಬಹುದಲ್ಲ?" ಸಂಚಾಲಕರ ಬೆಣ್ಣೆ ಕರಗಿತ್ತು.

ಸಾಕ್ಷಿ ಎರಡು ಕೋಣೆ ಆಚೆ ಕ್ರೋಶದ ಬಟ್ಟೆಯ ಅಡಿಯಲ್ಲಿತ್ತು, ಹೇಳುವ ಹಾಗಿರಲಿಲ್ಲ.

ಆಗ ಟೀಚರ್ ಸಾಲಿನಿಂದ ಮುಂದೆ ಬಂದಳು. ಮೈಕ್ ಬೇಡದಷ್ಟು ಜೋರಾಗಿ ಹೇಳಿದಳು. "ಸಾಕ್ಷಿ ಹೆಡ್ಮಾಸ್ಟ್ರ ಮೇಜಿನ ಮೇಲೆ ಉಂಟು. ನಾನು ಯಾರಲ್ಲೂ ಕೇಳದೆ ದಿನಾ ಕ್ಲಾಸಿಗೆ ತೆಗೆದುಕೊಂಡು ಹೋಗಿದ್ದೇನೆ. ಹನ್ನೆರಡರಲ್ಲಿ ಸರಿ ಇರುವುದು ಅದೊಂದೇ. ಮೇಡಂ ನೋಡಿದ್ದಾರೆ."

"ಹೌದು," ಎಂದು ಇಷ್ಟು ದಿನ ಕಿಟಕಿಯ ಹೊರಗೆ ನೋಡುತ್ತಿದ್ದ ಹೆಡ್ಮಾಸ್ಟ್ರು ಹೇಳಿದರು. "ನನಗೆ ಗೊತ್ತಿತ್ತು."

ದಾನಿಗಳು ವೇದಿಕೆಯಿಂದ ಇಳಿದು ಬಂದು ಮೇಜಿನ ಬಟ್ಟೆ ಎತ್ತಿ ಅಡಿಯ ವಯರುಗಳನ್ನು ನೋಡಿದರು.

"ನನಗಾಗಿ ಕಾದದ್ದಾ?" ಎಂದು ಕೇಳಿದರು. "ಉದ್ಘಾಟನೆ ಮಾಡಿ ಅಂತ ನಾನು ಯಾರಲ್ಲಿ ಹೇಳಿದ್ದೆ? ನನ್ನ ಸ್ಟೋರಿನಲ್ಲಿ ಮಾಲು ಎರಡು ವರ್ಷ ಹೀಗೆ ಕೂತರೆ ನನ್ನನ್ನು ಕೆಲಸದಿಂದ ತೆಗೀತಾರೆ." ಆಮೇಲೆ ಟೀಚರ್ ಕಡೆ ತಿರುಗಿ, "ಈ ಎರಡು ವರ್ಷದಲ್ಲಿ ಹತ್ತನೇ ಮುಗಿಸಿ ಹೋದವರು ಎಷ್ಟು ಜನ?"

"ಒಂದು ಬ್ಯಾಚ್ ಹೋಯಿತು ಸರ್, ಇನ್ನೊಂದು ಈ ತಿಂಗಳು ಹೋಗ್ತದೆ. ಎಂಬತ್ತು ಮಕ್ಕಳು."

ಅವರು ಮತ್ತೆ ವೇದಿಕೆ ಹತ್ತಲಿಲ್ಲ. ಎಂಟು ಬ್ಯಾಟರಿ ಕಳುಹಿಸುತ್ತೇನೆ, ಆದರೆ ಟೀಚರ್ ಹೆಸರಿಗೆ, ಅವಳು ಇದ್ದರೆ ಮಾತ್ರ ಎಂದು ಎಲ್ಲರ ಎದುರು ಹೇಳಿ ರಿಕ್ಷಾ ಹತ್ತಿದರು. ಸಂಚಾಲಕರಿಗೆ ನಾಚಿಕೆ ಆಯಿತೆಂದು ಎಣಿಸಬೇಡಿ. ಊಟದ ಹೊತ್ತಿನಲ್ಲಿ ಹೆಡ್ಮಾಸ್ಟ್ರ ಹತ್ತಿರ ಹೇಳುತ್ತಿದ್ದರು, ಹೊಸ ಬ್ಯಾಟರಿ ಬಂದ ಮೇಲೆ ಸಣ್ಣದೊಂದು ಹಸ್ತಾಂತರ ಕಾರ್ಯಕ್ರಮ ಇಟ್ಟುಕೊಳ್ಳುವ ಎಂದು. ಊಟ ಬಿಟ್ಟು ಬಸ್ಸಿಗೆ ಬಂದೆ. ಮರುವಾರ ಅವರ ಮೂರೂ ಶಾಲೆಯಿಂದ ನನ್ನ ಕೆಲಸ ಹೋಯಿತು. ಹೋಗಲಿ, ಆ ಮುಖ ನೋಡುವುದು ತಪ್ಪಿತು. ಈಗ ನನ್ನ ಅಂಗಡಿಯಿಂದ ಯಾವ ಲ್ಯಾಪ್‌ಟಾಪ್ ಹೊರಗೆ ಹೋಗುವುದಾದರೂ ಎಂಬತ್ತಕ್ಕೆ ಚಾರ್ಜ್ ನಿಲ್ಲುವ ಹಾಗೆ ಮಾಡಿ, ಗಿರಾಕಿಯನ್ನು ಕೂರಿಸಿ, ಎಲ್ಲ ವಿವರಿಸಿ ಕಳುಹಿಸುತ್ತೇನೆ. ಬಸ್ಸು ಹೋದರೆ ಹೋಗಲಿ.

ಜೂನ್ ಕೊನೆಯಲ್ಲಿ ಟೀಚರ್ ಫೋನು ಮಾಡಿದಳು. ಹಿಂದಿನಿಂದ ಮಕ್ಕಳ ಗಲಾಟೆಯಲ್ಲಿ ಅವಳ ಮಾತು ಅರ್ಧ ಕೇಳುತ್ತಿರಲಿಲ್ಲ.

"ಮೇಡಂ, ಬೈಯಬೇಡಿ. ಬ್ಯಾಟರಿ ಹಾಕಿ ಇನ್ನೂ ನಾಲ್ಕು ದಿನ ಆಗಲಿಲ್ಲ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕುಟ್ಟಿ ಕುಟ್ಟಿ ಮೂರನೇ ನಂಬ್ರದ ಕೀಬೋರ್ಡಿನಿಂದ ಒಂದು ಕೀಲಿ ಕಿತ್ತು ಹಾಕಿದ್ದಾಳೆ. ಹೆದರಿ ಅಳ್ತಾ ಇದ್ದಾಳೆ."

"ಕಿತ್ತಳಾ?" ಎಂದೆ. ನನಗೆ ಎಷ್ಟು ಖುಷಿಯಾಯಿತೆಂದರೆ ಕುರ್ಚಿಯಿಂದ ಎದ್ದೇ ಬಿಟ್ಟೆ. "ಅವಳಿಗೆ ಅಳಬೇಡ ಅಂತ ಹೇಳು ಮಾರಾಯ್ತಿ. ನಾಳೆ ಬೆಳಿಗ್ಗೆಯ ಬಸ್ಸಿಗೆ ಬರ್ತೇನೆ."